ಕಗ್ಗದಾಚೆಯ ಡಿ.ವಿ.ಜಿ.: ರಾಜ್ಯಶಾಸ್ತ್ರದ ಮೇಷ್ಟ್ರು

ಡಿ.ವಿ. ಗುಂಡಪ್ಪನವರನ್ನು (1887–1975) ಕನ್ನಡಿಗರು ‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ಬಲ್ಲರು. ಆದರೆ ಅವರ ಆಯುಸ್ಸಿನ ಬಹುಪಾಲು ಸವೆದದ್ದು ಸಾರ್ವಜನಿಕ ವಿಚಾರಗಳಲ್ಲಿ. ಪತ್ರಿಕೆ, ಶಾಸನಸಭೆ, ರಾಜ್ಯಾಂಗ, ಪ್ರಜೆಗಳ ರಾಜಕೀಯ ಶಿಕ್ಷಣ, ಇವೇ ಅವರ ನಿತ್ಯದ ಕಸುಬು. ಹಳೆಯದನ್ನು ಕಿತ್ತೆಸೆಯದೆ ತಿದ್ದಿಕೊಂಡು ಹೋಗಬೇಕೆನ್ನುವ ರಾಜಕೀಯ ಚಿಂತನೆಯನ್ನು ಕನ್ನಡದಲ್ಲಿ ಅವರಷ್ಟು ಕ್ರಮಬದ್ಧವಾಗಿ ಬರೆದವರು ವಿರಳ.

ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪನವರಿಗೆ ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯೊಂದರಲ್ಲಿ ಕೆಲಕಾಲ ದುಡಿದು, ಬೆಂಗಳೂರಿಗೆ ಬಂದು ಪತ್ರಿಕಾವೃತ್ತಿ ಹಿಡಿದರು. ಸಂಸ್ಕೃತವನ್ನೂ ಇಂಗ್ಲಿಷನ್ನೂ ಸ್ವಂತ ಶ್ರಮದಿಂದ ಪಳಗಿಸಿಕೊಂಡರು. ಪಶ್ಚಿಮದ ರಾಜ್ಯಚಿಂತಕರಾದ ಬರ್ಕ್, ಮಿಲ್, ಮಾರ್ಲೆ ಅವರಿಗೆ ಓದಿನಿಂದ ದೊರೆತ ಗುರುಗಳು. ರಾನಡೆ ಮತ್ತು ಗೋಖಲೆ ಸಾರ್ವಜನಿಕ ನಡತೆಗೆ ಮಾದರಿಯಾದರು.

ಅವರು ಪತ್ರಿಕೋದ್ಯಮಕ್ಕೆ ಕಾಲಿಟ್ಟ ಹೊತ್ತು ಸುಗಮವಾಗಿರಲಿಲ್ಲ. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಸರ್ಕಾರ ಮೈಸೂರು ಸಂಸ್ಥಾನದ ಪತ್ರಿಕೆಗಳ ಮೇಲೆ ಬಿಗಿ ಕಾನೂನು ತಂದಿತು. ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಗುಂಡಪ್ಪನವರೂ ಈ ಕಾನೂನಿನ ವಿರೋಧಿಗಳ ಸಾಲಿನಲ್ಲಿದ್ದರು. 1913ರಲ್ಲಿ ವಾರಕ್ಕೆರಡು ಬಾರಿ ಹೊರಬರುವ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಬೆಂಗಳೂರಿನಿಂದ ಆರಂಭಿಸಿದರು. ಸರ್ಕಾರದ ನಡೆಯನ್ನು ಕಾಗದಪತ್ರ, ಅಂಕಿಅಂಶಗಳ ಆಧಾರದ ಮೇಲೆ ಒರೆಹಚ್ಚುವುದು ಅದರ ರೀತಿ. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರೊಡನೆ ಆತ್ಮೀಯತೆ ಇತ್ತು. ಅದಕ್ಕಾಗಿ ಟೀಕೆಯ ಮೊನೆ ಮೊಂಡಾಗಲಿಲ್ಲ.

ಅವರ ರಾಜಕೀಯ ಬರವಣಿಗೆಯಲ್ಲಿ ಅತ್ಯಂತ ಮೌಲಿಕವಾದದ್ದು ದೇಶೀಯ ಸಂಸ್ಥಾನಗಳ ಪ್ರಶ್ನೆಯನ್ನು ಕುರಿತದ್ದು. ಈ ಪ್ರಶ್ನೆಯನ್ನು ಪರಿಶೀಲಿಸಲು 1927ರ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ಹಾರ್ಕೋರ್ಟ್ ಬಟ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಅರಸರ ಒಪ್ಪಂದಗಳೇನಿದ್ದರೂ ಬ್ರಿಟಿಷ್ ಮಕುಟದೊಡನೆ, ನಾಳೆ ದೆಹಲಿಯಲ್ಲಿ ಜನಪ್ರತಿನಿಧಿಗಳ ಸರ್ಕಾರ ಬಂದರೆ ಅದರ ಅಧಿಕಾರಕ್ಕೆ ಅವರು ಒಳಪಡಬೇಕಿಲ್ಲ, ಇದು ಅವರ ಪರ ವಕೀಲರ ವಾದ. ಸಮಿತಿ ಅರಸರ ಅಹವಾಲು ಕೇಳಿತು, ಸಂಸ್ಥಾನದ ಪ್ರಜೆಗಳನ್ನು ಮಾತ್ರ ಹೊರಗಿಟ್ಟಿತು. ಗುಂಡಪ್ಪನವರು ಇದಕ್ಕೆ ಕೊಟ್ಟ ಉತ್ತರ ಸರಳ, ಆದರೆ ಬುಡಕ್ಕೇ ತಾಕುವಂಥದು: ಒಪ್ಪಂದಕ್ಕೆ ರುಜು ಹಾಕಿದ್ದು ಅರಸನಾದರೂ ಅದು ರಾಜ್ಯದ ಹೆಸರಿನಲ್ಲಿ, ರಾಜ್ಯವೆಂದರೆ ಅರಸನೊಬ್ಬನಲ್ಲ, ಪ್ರಜೆಗಳೂ ಸೇರಿದ್ದು. ಆದ್ದರಿಂದ ಒಪ್ಪಂದದ ಫಲಕ್ಕೆ ಅವರೂ ಬಾಧ್ಯಸ್ಥರು. 1931ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ದಿ ಸ್ಟೇಟ್ಸ್ ಅಂಡ್ ದೇರ್ ಪೀಪಲ್ ಇನ್ ದಿ ಇಂಡಿಯನ್ ಕಾನ್‌ಸ್ಟಿಟ್ಯೂಷನ್’ ಪುಸ್ತಕದ ವಿಷಯವೂ ಭಾರತದ ರಾಜ್ಯಾಂಗದಲ್ಲಿ ಈ ಪ್ರಜೆಗಳಿಗೆ ಸಲ್ಲಬೇಕಾದ ಸ್ಥಾನವೇ.

ಮೈಸೂರೊಂದರಲ್ಲೇ ಆಗ ಸುಮಾರು 65 ಲಕ್ಷ ಜನರಿದ್ದರು. ಆದರೂ 1935ರ ಭಾರತ ಸರ್ಕಾರ ಕಾಯ್ದೆ ಯೋಜಿಸಿದ ಒಕ್ಕೂಟದ ಕೆಳಮನೆಯ 375 ಸ್ಥಾನಗಳಲ್ಲಿ ಸಂಸ್ಥಾನಗಳ ಪಾಲಿಗೆ ಬಂದ 125ನ್ನೂ ತುಂಬುವ ಹಕ್ಕು ಅರಸರಿಗೇ ಹೋಯಿತು. ಆ ಒಕ್ಕೂಟ ಜಾರಿಗೆ ಬರಲೇ ಇಲ್ಲ. ಗುಂಡಪ್ಪನವರು ಎತ್ತಿದ ಪ್ರಶ್ನೆ ಎಷ್ಟು ನ್ಯಾಯವಾದದ್ದೆಂಬುದಕ್ಕೆ ಆ ಕಾಯ್ದೆಯೇ ಸಾಕ್ಷಿ.

ಹೀಗೆ ಪ್ರಜೆಗಳ ಪರ ನಿಂತರೂ ಗುಂಡಪ್ಪನವರು ಅರಸೊತ್ತಿಗೆ ಅಳಿಯಲೆಂದು ಬಯಸಲಿಲ್ಲ. ಮಹಾರಾಜರು ಪೀಠದಲ್ಲಿರಲಿ, ಮಂತ್ರಿಗಳು ಜನಪ್ರತಿನಿಧಿಗಳಿಗೆ ಜವಾಬು ಹೇಳಲಿ ಎನ್ನುವುದು ಅವರ ನಿಲುವು. ಇದಕ್ಕೆ ಮೈಸೂರಿನ ಅನುಭವದ ಬಲವಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆಯಿಂದ ಎರಡೂ ಸಭೆಗಳು ಹಿಗ್ಗಿದವು. ಸಂಸ್ಥೆಗಳು ಗಿಡದಂತೆ ಬೆಳೆಯಬೇಕು, ಬುಡವನ್ನು ಅಲುಗಿಸಬಾರದು ಎಂಬ ನಂಬಿಕೆಯಿಂದಲೇ ಅವರು ಬೀದಿಯ ಚಳವಳಿಗಿಂತ ಸಭೆಯ ಚರ್ಚೆಯನ್ನು ಮೆಚ್ಚಿದರು. ನ್ಯಾಯವಿಧಾಯಕ ಸಭೆಯಲ್ಲಿ ಸದಸ್ಯರಾಗಿ ಹಲವು ವರ್ಷ ದುಡಿದರು. ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲೂ ಇದ್ದರು. ಈ ನಿಲುವಿಗೆ ಒಂದು ಮಿತಿಯೂ ಇತ್ತೆಂದು ಹೇಳಲೇಬೇಕು. 1947ರಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ದೊರೆತದ್ದು ಮನವಿಗಳಿಂದಲ್ಲ, ‘ಮೈಸೂರು ಚಲೋ’ ಚಳವಳಿಯ ಒತ್ತಡದಿಂದ.

ಸರ್ಕಾರವನ್ನು ಪಡೆಯುವುದು ಒಂದು ಕೆಲಸವಾದರೆ, ಅದನ್ನು ನಡೆಸಬಲ್ಲ ಪ್ರಜೆಯನ್ನು ಸಿದ್ಧಪಡಿಸುವುದು ಅದಕ್ಕಿಂತ ಕಷ್ಟದ ಕೆಲಸ. ಗುಂಡಪ್ಪನವರ ನಿಜವಾದ ಸಾಧನೆ ಇರುವುದು ಇಲ್ಲಿ. ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಪುಸ್ತಕಗಳಲ್ಲಿ ರಾಜ್ಯವೆಂದರೇನು, ಹಕ್ಕು ಎಲ್ಲಿಂದ ಬರುತ್ತದೆ, ಕರ್ತವ್ಯವಿಲ್ಲದ ಹಕ್ಕು ಏಕೆ ನಿಲ್ಲದು ಎಂಬುದನ್ನು ಕಾಲೇಜು ಮೆಟ್ಟಿಲು ಹತ್ತದವರಿಗೂ ತಿಳಿಯುವಂತೆ ಬಿಡಿಸಿಟ್ಟರು. ಪಶ್ಚಿಮದ ರಾಜ್ಯತತ್ತ್ವವನ್ನೂ ನಮ್ಮ ಧರ್ಮವಿಚಾರವನ್ನೂ ಎದುರುಬದುರು ಕೂರಿಸಿ ಮಾತನಾಡಿಸಿದರು. ಅವರ ದೃಷ್ಟಿಯಲ್ಲಿ ರಾಜ್ಯದ ಅಧಿಕಾರಕ್ಕೂ ಬಹುಮತಕ್ಕೂ ಧರ್ಮದ ಅಂಕೆ ಬೇಕು.

1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಈ ಕೆಲಸಕ್ಕೆ ನೆಲೆಯಾಯಿತು. ಅದರ ಅಧ್ಯಯನ ಗೋಷ್ಠಿಯಲ್ಲಿ ರಾಜ್ಯಾಂಗದ ಪಾಠ, ಗೀತೆಯ ಪಾಠ, ಶೇಕ್ಸ್‌ಪಿಯರ್ ಎಲ್ಲಕ್ಕೂ ಜಾಗವಿತ್ತು. ಸಂಸ್ಥೆಯ ‘ಪಬ್ಲಿಕ್ ಅಫೇರ್ಸ್’ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಅವರು ಸ್ವತಂತ್ರ ಭಾರತದ ಆಗುಹೋಗುಗಳನ್ನು ಕುರಿತು ಮುಪ್ಪಿನವರೆಗೂ ಬರೆದರು. 1970ರಲ್ಲಿ ಅಭಿಮಾನಿಗಳು ಒಂದು ಲಕ್ಷ ರೂಪಾಯಿಯ ನಿಧಿ ಒಪ್ಪಿಸಿದಾಗ, ಅದನ್ನು ಹಾಗೆಯೇ ಈ ಸಂಸ್ಥೆಗೆ ದಾಟಿಸಿದರು.

ಮೆಟ್ರಿಕ್ಯುಲೇಷನ್ ದಾಟದ ಗುಂಡಪ್ಪನವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಡಿ.ಲಿಟ್. ನೀಡಿತು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ಅವರು ತೀರಿಕೊಂಡರು. ಗೋಖಲೆ ಸಂಸ್ಥೆ ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯಲ್ಲಿ ಉಪನ್ಯಾಸ, ಗೋಷ್ಠಿಗಳನ್ನು ಮುಂದುವರಿಸಿಕೊಂಡು ಬಂದಿದೆ.