ಹಾವು ಕಾಲು ಕಳೆದುಕೊಂಡ ಬಗೆ

‘ಹಾವಿನ ಹೆಜ್ಜೆ ಹಾವೇ ಬಲ್ಲದು’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿರುವಿರಿ. ಕಾಲೇ ಇಲ್ಲದ ಪ್ರಾಣಿಗೆ ಹೆಜ್ಜೆಯೆಲ್ಲಿಂದ ಬಂತೆಂದು ನಗಬೇಡಿರಿ. ಹಾವಿನ ಪೂರ್ವಜರಿಗೆ ಕಾಲುಗಳಿದ್ದುವು. ಹಿಂಗಾಲುಗಳಿದ್ದ, ಸುಮಾರು 10 ಕೋಟಿ ವರ್ಷಗಳಷ್ಟು ಹಳೆಯ ಹಾವಿನ ಪಳೆಯುಳಿಕೆ ಅರ್ಜೆಂಟೀನಾ ದೇಶದಲ್ಲಿ ದೊರೆತಿದೆ. ಹೆಬ್ಬಾವಿನ ಮೈಯಲ್ಲಿ ಇಂದಿಗೂ ಹಿಂಗಾಲಿನ ಕುರುಹಾಗಿ ಎರಡು ಚಿಕ್ಕ ಉಗುರುಗಳಿವೆ. ಹಾಗಾದರೆ ಆ ಕಾಲುಗಳು ಹೋದುದು ಹೇಗೆ?

ಇದಕ್ಕೆ ಉತ್ತರವನ್ನು ಭ್ರೂಣದಲ್ಲಿ ಹುಡುಕಬೇಕು. ಜೀವಕೋಶಗಳಲ್ಲಿ ಡಿ.ಎನ್.ಎ. ಎಂಬ ನೀಳವಾದ ಎಳೆಯಿದೆ. ದೇಹವನ್ನು ಕಟ್ಟುವ ಸೂಚನೆಗಳು ಅದರಲ್ಲಿ ಅಡಗಿವೆ. ನಮ್ಮ ವರ್ಣಮಾಲೆಯಲ್ಲಿ ಐವತ್ತರಷ್ಟು ಅಕ್ಷರಗಳಿದ್ದರೆ ಆ ಲಿಪಿಯಲ್ಲಿ ನಾಲ್ಕೇ ಅಕ್ಷರಗಳು. ಈ ಬರಹವೆಲ್ಲವೂ ಸೇರಿ ಜೀನೋಮ್ ಎನಿಸುತ್ತದೆ. ಅದರೊಳಗಿನ ಒಂದೊಂದು ಪಾಠವೇ ಜೀನ್.

‘ಸಾನಿಕ್ ಹೆಡ್ಜ್‌ಹಾಗ್’ ಎಂಬ ವಿಚಿತ್ರ ಹೆಸರಿನ ಜೀನ್ ಒಂದುಂಟು. ಭ್ರೂಣದ ಕೈಕಾಲುಗಳು ಬೆಳೆಯಲು ಅದು ಬೇಕು. ಮಿದುಳು ರೂಪುಗೊಳ್ಳಲೂ ಅದೇ ಬೇಕು. ಅದು ಕೆಟ್ಟರೆ ಹಾವು ಬದುಕಲಾರದು. ಆದುದರಿಂದ ಹಾವಿನಲ್ಲಿ ಆ ಜೀನ್ ಹಾಗೆಯೇ ಉಳಿದಿದೆ. ಆದರೆ ಮನೆಯ ಕೋಣೆಕೋಣೆಗೂ ಬೇರೆ ಬೇರೆ ದೀಪದ ಗುಂಡಿಗಳಿರುವಂತೆ, ಈ ಜೀನನ್ನು ಮಿದುಳಿನಲ್ಲಿ ಬೆಳಗಿಸುವ ಗುಂಡಿ ಬೇರೆ, ಕೈಕಾಲುಗಳಲ್ಲಿ ಬೆಳಗಿಸುವ ಗುಂಡಿ ಬೇರೆ. ಆ ಗುಂಡಿಗಳೂ ಅದೇ ನಾಲ್ಕು ಅಕ್ಷರಗಳ ಬರಹಗಳೇ. ಹಾವಿನಲ್ಲಿ ಕೆಟ್ಟಿರುವುದು ಕೈಕಾಲಿನ ಗುಂಡಿ.

ಇದನ್ನು ತಿಳಿದುದು ಹೇಗೆ? ಅಮೆರಿಕದ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು ಹಲವು ಪ್ರಾಣಿಗಳ ಜೀನೋಮುಗಳನ್ನು ಹೋಲಿಸಿ ನೋಡಿದರು. ಬಳಿಕ ಇಲಿಯ ಆ ಗುಂಡಿಯನ್ನು ತೆಗೆದು, ಅದೇ ಸ್ಥಳದಲ್ಲಿ ಬೇರೆ ಪ್ರಾಣಿಗಳ ಗುಂಡಿಯನ್ನು ಇರಿಸಿದರು. ಮನುಷ್ಯನದನ್ನು ಇರಿಸಿದಾಗಲೂ, ಮೀನಿನದನ್ನು ಇರಿಸಿದಾಗಲೂ ಇಲಿಮರಿಗೆ ಸರಿಯಾದ ಕಾಲುಗಳೇ ಬೆಳೆದುವು! ಹೆಬ್ಬಾವಿನದನ್ನು ಇರಿಸಿದಾಗಲಾದರೋ ಬರಿಯ ಮೋಟುಗಾಲುಗಳು ಮೂಡಿದುವು. ಹಾವುಗಳ ಗುಂಡಿಯಲ್ಲಿ 17 ಅಕ್ಷರಗಳು ಅಳಿಸಿಹೋಗಿದ್ದುದು ಹೋಲಿಕೆಯಿಂದ ಕಂಡುಬಂದಿತ್ತು. ಆ 17 ಅಕ್ಷರಗಳನ್ನು ಹೆಬ್ಬಾವಿನ ಗುಂಡಿಗೆ ಮರಳಿ ಸೇರಿಸಿದೊಡನೆ ಇಲಿಮರಿಗೆ ಕಾಲುಗಳು ಮತ್ತೆ ಮೂಡಿದುವು. 2016ರಲ್ಲಿ ಈ ಪ್ರಯೋಗದ ವಿವರ ಪ್ರಕಟವಾಯಿತು.

ಇದರಿಂದ ನಾವು ಕಲಿಯಬೇಕಾದುದೇನು? ಪ್ರಾಣಿಗಳ ರೂಪ ಬದಲಾಗಲು ಪ್ರತಿ ಸಲವೂ ಹೊಸ ಜೀನ್ ಹುಟ್ಟಬೇಕಾಗಿಲ್ಲ, ಹಳೆಯದು ಅಳಿಯಬೇಕಾಗಿಯೂ ಇಲ್ಲ. ಇರುವ ಜೀನ್ ಎಲ್ಲಿ, ಯಾವಾಗ ಕೆಲಸಮಾಡಬೇಕೆಂಬ ಸೂಚನೆ ಬದಲಾದರೆ ಸಾಕು.

ಈ ಮಾತು ಹಾವಿಗಷ್ಟೇ ಸಂಬಂಧಿಸಿದುದಲ್ಲ. ಮನುಷ್ಯರಲ್ಲಿ ಇದೇ ಗುಂಡಿಯ ಒಂದೇ ಅಕ್ಷರ ಬದಲಾದುದರಿಂದ ಹೆಚ್ಚಿನ ಬೆರಳಿನೊಡನೆ ಹುಟ್ಟಿದ ಮಕ್ಕಳುಂಟು. ಅಂಥ ಮಗುವನ್ನು ಕಂಡು ತಾಯಿ ಗ್ರಹಣಕಾಲದಲ್ಲಿ ಹೊರಗೆ ಬಂದಿದ್ದಳೆಂದೂ, ಹಿಂದಿನ ಜನ್ಮದ ಪಾಪವೆಂದೂ ಆಡಿಕೊಳ್ಳುವವರಿದ್ದಾರೆ. ತಾಯಿಯ ತಪ್ಪೂ ಇಲ್ಲ, ಮಗುವಿನ ಪಾಪವೂ ಇಲ್ಲ. ನಿಮ್ಮ ತರಗತಿಯಲ್ಲಿ ಆರು ಬೆರಳಿನ ಗೆಳೆಯನಿದ್ದರೆ ಅವನನ್ನು ಹೀಯಾಳಿಸಬೇಡಿರಿ. ಮೀನು, ಇಲಿ, ಮನುಷ್ಯರೆಲ್ಲರೂ ಓದುವ ಒಂದೇ ಪುರಾತನ ಗ್ರಂಥದ ಪ್ರತಿಯಲ್ಲಿ ಒಂದಕ್ಷರ ಬೇರೆಯಾಗಿದೆ, ಅಷ್ಟೇ.