ಚಂದ್ರನಲ್ಲಿ ಕಪ್ಪು ಕಲೆ ಯಾಕೆ?

ಹುಣ್ಣಿಮೆ ಚಂದ್ರನನ್ನು ನೋಡಿದ್ದೀರಾ? ಅದರಲ್ಲಿ ಕಪ್ಪು ಕಲೆಗಳಿವೆ. ಕೆಲವರು ಮೊಲ ಅಂತಾರೆ. ಕೆಲವರು ಜಿಂಕೆ ಅಂತಾರೆ. ಕಳಂಕ ಅನ್ನುವವರೂ ಇದ್ದಾರೆ. ನಿಜವಾಗಿ ಅಲ್ಲಿರುವುದು ಏನು?

ಅವು ಕಪ್ಪು ಕಲ್ಲಿನ ಬಯಲುಗಳು.

ಬಹಳ ಹಿಂದೆ ಆಕಾಶದಿಂದ ಭಾರಿ ಬಂಡೆಗಳು ಬಂದು ಚಂದ್ರನಿಗೆ ಬಡಿದವು. ನೂರಾರು ಮೈಲಿ ಅಗಲದ ತಗ್ಗುಗಳಾದವು. ನೆಲ ಬಿರುಕು ಬಿಟ್ಟಿತು. ಆಗ ಚಂದ್ರನ ಒಳಗೆ ತುಂಬಾ ಕಾವು ಇತ್ತು. ಕರಗಿದ ಕಲ್ಲು ಬಿರುಕಿನಿಂದ ಮೇಲೆ ಉಕ್ಕಿತು. ಇದೇ ಲಾವಾರಸ. ಅದು ತಗ್ಗುಗಳನ್ನು ತುಂಬಿತು. ಆರಿ ಗಟ್ಟಿಯಾಯಿತು. ಅದರಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದಕ್ಕೇ ಆ ಕಲ್ಲು ಕಪ್ಪು.

ಆ ಕಲ್ಲು ಬಲು ಭಾರ. ಅದರ ಭಾರಕ್ಕೆ ನಡುವಿನ ನೆಲ ಕುಸಿಯಿತು. ಮೇಲಿನ ಪದರ ಒತ್ತಿಕೊಂಡು ಸುಕ್ಕುಗಟ್ಟಿತು. ಆ ಸುಕ್ಕು ದೂರದರ್ಶಕದಲ್ಲಿ ಈಗಲೂ ಕಾಣುತ್ತದೆ.

ಹಿಂದೆ ಜನ ಈ ಬಯಲುಗಳನ್ನು ಸಮುದ್ರ ಅಂದುಕೊಂಡಿದ್ದರು. ಒಂದಕ್ಕೆ 'ಶಾಂತಿ ಸಮುದ್ರ' ಅಂತ ಹೆಸರು. 1969ರಲ್ಲಿ ಅಮೆರಿಕದ ಇಬ್ಬರು ಅಲ್ಲೇ ಇಳಿದರು. ಸುಮಾರು 22 ಕಿಲೋ ಕಲ್ಲು ಮಣ್ಣು ತಂದರು. ಆ ಲಾವಾ ಕಲ್ಲಿನ ವಯಸ್ಸು 350 ಕೋಟಿ ವರ್ಷಕ್ಕೂ ಹೆಚ್ಚು. 2020ರಲ್ಲಿ ಚೀನಾದ ನೌಕೆ ಬೇರೆ ಬಯಲಿನ ಕಲ್ಲು ತಂದಿತು. ಅದರ ವಯಸ್ಸು ಸುಮಾರು 200 ಕೋಟಿ ವರ್ಷ. ಅಂದರೆ ಲಾವಾ ಬಹುಕಾಲ ಉಕ್ಕುತ್ತಲೇ ಇತ್ತು.

ನಮ್ಮ ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲೂ ಲಾವಾ ಆರಿ ಆದದ್ದೇ. ಮಳೆ ಗಾಳಿಗೆ ಅದು ಸವೆದು ಎರೆಮಣ್ಣಾಯಿತು. ಅದರಲ್ಲಿ ಜೋಳ ಬೆಳೆಯುತ್ತೇವೆ. ಚಂದ್ರನಲ್ಲಿ ಮಳೆ ಇಲ್ಲ, ಗಾಳಿ ಇಲ್ಲ. ಹಾಗಾಗಿ ಹಳೆಯ ಗುರುತು ಉಳಿದಿದೆ.

ಮಕ್ಕಳಿಗೆ ಚಂದಮಾಮನನ್ನು ತೋರಿಸುವಾಗ ಮೊಲದ ಕಥೆ ಹೇಳಿ. ಈ ಕಲ್ಲಿನ ಕಥೆಯನ್ನೂ ಹೇಳಿ.