ವೈದ್ಯಕೀಯ ಕುಟುಂಬ ಚಿಕಿತ್ಸೆ

ವೈದ್ಯಕೀಯ ಕುಟುಂಬ ಚಿಕಿತ್ಸೆಯು ದೀರ್ಘಕಾಲದ ಕಾಯಿಲೆಯನ್ನು ರೋಗಿಯೊಬ್ಬರ ಸಮಸ್ಯೆಯೆಂದು ಮಾತ್ರ ನೋಡದೆ, ಇಡೀ ಮನೆಮಂದಿಯೊಡನೆ ಸಮಾಲೋಚಿಸಿ ನಿಭಾಯಿಸುವ ಪದ್ಧತಿ. ಸೂಸನ್ ಮ್ಯಾಕ್‌ಡೇನಿಯಲ್, ಜೆರಿ ಹೆಪ್‌ವರ್ತ್ ಮತ್ತು ವಿಲಿಯಂ ಡೊಹರ್ಟಿ 1992ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಹೆಸರು ಪ್ರಚಲಿತವಾಯಿತು.

ಉನ್ನತ ವ್ಯಾಸಂಗ

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ಸಂಶೋಧನಾ ವ್ಯಾಸಂಗವೆಂದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗದ ಪಿಎಚ್.ಡಿ. ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಅದಕ್ಕೆ ಮೊದಲ ಮೆಟ್ಟಿಲು. ಈ ಪದವಿಯ ಶಿಕ್ಷಣವನ್ನು ಮೂಡುಬಿದಿರೆಯ ಆಳ್ವಾಸ್ ಕಾಲೇಜು ಹಾಗೂ ಬೆಳ್ತಂಗಡಿ ತಾಲೂಕಿನ ಉಜಿರೆಯ ಎಸ್.ಡಿ.ಎಂ. ಕಾಲೇಜು ನೀಡುತ್ತ ಬಂದಿವೆ.

ಪ್ರಾದೇಶಿಕ ಮಹತ್ವ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ತಂದೆ, ತಾಯಿ, ಮಕ್ಕಳನ್ನಷ್ಟೇ ಕುಟುಂಬವೆಂದು ಎಣಿಸುವ ಸಂಶೋಧಕರಿಗೆ ಚಿಕಿತ್ಸೆಯ ನಿರ್ಧಾರದಲ್ಲಿ ಸೋದರಮಾವನ ಮಾತಿಗಿರಬಹುದಾದ ತೂಕ ಕಾಣದೆ ಹೋದೀತು. ಮನೆಮಾತು ತುಳು, ಬ್ಯಾರಿ ಅಥವಾ ಕೊಂಕಣಿಯಾಗಿರುವಲ್ಲಿ ಕನ್ನಡದ ಪ್ರಶ್ನಾವಳಿಯೊಂದೇ ಸಾಲದು.